ತಿರುಮಲರಾಯ ಮನೆಗೆ ಬಂದ

ಹಾಳೂರಿಗೆ ಉಳಿದವನೇ ಗೌಡ ಅಂತ ನಮ್ಮ ಕಡೆ ಒಂದು ಮಾತಿದೆ. ಈ ಮಾತಿಗೆ ಹಂಪಿಯಷ್ಟು ಒಪ್ಪುವ ಊರು ಇನ್ನೊಂದಿಲ್ಲ. ನಮ್ಮ ಪಾಠದ ಪುಸ್ತಕಗಳು ವಿಜಯನಗರವನ್ನು 1336ರಲ್ಲಿ ಹುಟ್ಟಿಸಿ 1565ರಲ್ಲಿ ಮಣ್ಣು ಮಾಡಿಬಿಡ್ತವೆ. ರಕ್ಕಸಗಿ-ತಂಗಡಗಿಯ ಯುದ್ಧ, ಒಟ್ಟಾಗಿ ಬಂದ ಸುಲ್ತಾನರು, ರಾಮರಾಯನ ತಲೆ, ಉರಿದ ಪಟ್ಟಣ. ಅಲ್ಲಿಗೆ ಪರದೆ ಬಿತ್ತು, ಮೇಷ್ಟ್ರು ಪುಸ್ತಕ ಮುಚ್ಚಿದರು. ಆದರೆ ಪರದೆ ಬಿದ್ದ ಮೇಲೆ ಒಬ್ಬ ಮನೆಗೆ ವಾಪಸು ಬಂದ. ಅವನು ಬಂದದ್ದರಿಂದ ಆ ಮನೆಯ ಒಳಗಿನ ಕತೆ ಹೊರಗೆ ಬಿತ್ತು. ಇದನ್ನು ನಮಗೆ ಯಾರೂ ಪಾಠ ಮಾಡಲಿಲ್ಲ.

ಬಂದವನು ರಾಮರಾಯನ ತಮ್ಮ ತಿರುಮಲರಾಯ. 1565ರ ಜನವರಿ 23ರಂದು ಅಣ್ಣ ಸತ್ತ. ತಮ್ಮ ದಂಡು ಬಿಟ್ಟು ರಾಜಧಾನಿಗೆ ಓಡಿ ಬಂದ. ಬಂದವನು ಕೋಟೆಯ ಬಾಗಿಲು ಭದ್ರ ಮಾಡಲಿಲ್ಲ, ಬೊಕ್ಕಸದ ಬಾಗಿಲು ತೆಗೆಸಿದ. 550 ಆನೆಗಳ ಮೇಲೆ ಚಿನ್ನ, ವಜ್ರ, ಸಿಂಹಾಸನ ಹೇರಿಸಿದ ಅಂತ ಪೋರ್ಚುಗೀಸರ ಕಡೆಯ ಲೆಕ್ಕ ಹೇಳುತ್ತೆ. ಆನೆ ಎಣಿಸಿದವರು ಯಾರೋ, ನೂರು ಹೆಚ್ಚೋ ಕಡಿಮೆಯೋ ಇರಲಿ. ಹೊರೆ ಹೊತ್ತು ಅವನು ಪೆನುಗೊಂಡೆಯ ದಾರಿ ಹಿಡಿದ. ಊರಿನ ಜನಕ್ಕೆ ಹೊರಡೋಕೆ ಗಾಡಿಯಿಲ್ಲ, ಎತ್ತಿಲ್ಲ. ಅವೆಲ್ಲ ದಂಡಿನ ಜೊತೆ ಹೋಗಿದ್ದವು. ಇದ್ದಬದ್ದದ್ದನ್ನು ನೆಲದಲ್ಲಿ ಹೂತು ಕಾದು ಕೂತರು. ಗೆದ್ದವರು ಆರು ತಿಂಗಳು ಕೂತು ಮನೆಗಳ ಅಡಿಪಾಯ ಬಗೆದು ನಿಧಿ ಹುಡುಕಿದರು. ಈಗಲೂ ಹಂಪಿಯಲ್ಲಿ ನಿಧಿ ಆಸೆಗೆ ರಾತ್ರಿ ಹೊತ್ತು ಕಲ್ಲು ಕೀಳೋರು ಇದ್ದಾರಲ್ಲ, ಅವರ ಹಿರೀಕರು ಇವರೇ.

ದಂಡು ಹೋದ ಮೇಲೆ ತಿರುಮಲ ಮರಳಿದ. ಹಾಳುಬಿದ್ದ ಪಟ್ಟಣಕ್ಕೆ ಮತ್ತೆ ಜನ ಸೇರಿಸಬೇಕು ಅಂತ ಹೊರಟ. ಇದನ್ನು ಕಂಡು ಬರೆದವನು ವೆನಿಸ್‌ನ ಸೀಸರ್ ಫ್ರೆಡರಿಕ್ ಎಂಬ ವ್ಯಾಪಾರಿ. 1567ರಲ್ಲಿ ಬಂದ ಅವನಿಗೆ ಇದ್ದದ್ದು ಒಂದು ತಿಂಗಳ ಕೆಲಸ. ದಾರಿಯ ತುಂಬ ಕಳ್ಳರು ಅಂತ ಏಳು ತಿಂಗಳು ಇಲ್ಲೇ ಉಳಿದ. ರಾಜರ ಅನ್ನ ತಿಂದು ಬರೆದವನಲ್ಲ, ಅವನಿಗೆ ಇಲ್ಲಿ ಯಾರ ಮುಲಾಜೂ ಇರಲಿಲ್ಲ. ಆಸ್ಥಾನಕವಿಗಳ ನೂರು ಪದ್ಯಕ್ಕಿಂತ ಅವನ ನಾಲ್ಕು ಹಾಳೆ ನಮಗೆ ಹೆಚ್ಚು.

ಮರಳಿದ ತಿರುಮಲ ಮಾಡಿದ ಕೆಲಸವೊಂದನ್ನು ಅವನು ಬರೆದಿದ್ದಾನೆ. ಕುದುರೆ ಬೇಕಿತ್ತು. ಗೋವೆಯ ವ್ಯಾಪಾರಿಗಳಿಗೆ ಹೇಳಿ ಕಳಿಸಿದ: ಕುದುರೆ ತನ್ನಿ, ಒಳ್ಳೆಯ ಬೆಲೆ ಕೊಡ್ತೀನಿ, ಯುದ್ಧದಲ್ಲಿ ಹೋದ ನಮ್ಮ ಮುದ್ರೆಯ ಕುದುರೆಯೇ ಆದರೂ ಸರಿ. ನಂಬಿದವರು ಹೊಡೆದುಕೊಂಡು ಬಂದರು. ಇನ್ನು ಬರೋರು ಯಾರೂ ಇಲ್ಲ ಅಂತ ಖಾತ್ರಿಯಾಗುವ ತನಕ ಸವಿಮಾತು. ಆಮೇಲೆ ಬಿಡಿಗಾಸು ಕೊಡದೆ, ಹೊರಡಿ ಅಂದ. ವ್ಯಾಪಾರಿಗಳು ದುಃಖದಲ್ಲಿ ಹುಚ್ಚರಂತಾದರು ಅಂತ ಬರೆದಿದೆ. 550 ಆನೆಯ ಹೊರೆ ಎಲ್ಲಿ ಹೋಗಿತ್ತು ಸ್ವಾಮಿ, ಆ ಹೊತ್ತಿಗೆ?

ಇದು ಸಣ್ಣ ಗುಟ್ಟು. ದೊಡ್ಡದು ಬೇರೆ. ಸಾಮ್ರಾಜ್ಯದ ಪಟ್ಟ ರಾಮರಾಯನದಲ್ಲ. ಅಚ್ಯುತರಾಯ 1542ರಲ್ಲಿ ತೀರಿಕೊಂಡ ಮೇಲೆ ಪಟ್ಟ ಬಂದದ್ದು ಸದಾಶಿವರಾಯನಿಗೆ. ರಾಮರಾಯ, ತಿರುಮಲ, ವೆಂಕಟಾದ್ರಿ ಎಂಬ ಮೂವರು ಅಣ್ಣತಮ್ಮಂದಿರು ಅವನನ್ನು ಒಳಗೆ ಕೂಡಿಹಾಕಿ ತಾವೇ ಆಳಿದರು. ವರ್ಷಕ್ಕೊಂದು ಸಲ ಜನಕ್ಕೆ ಅವನ ಮುಖ ತೋರಿಸುತ್ತಿದ್ದರಂತೆ, ಜಾತ್ರೆಯಲ್ಲಿ ಉತ್ಸವಮೂರ್ತಿ ಹೊರಗೆ ತಂದ ಹಾಗೆ. ಓಡುವಾಗ ತಿರುಮಲ ಆನೆಗಳ ಜೊತೆ ಈ ರಾಜನನ್ನೂ ಸಾಗಿಸಿದ್ದ. ಮರಳಿದ ಮೇಲೆ ಅವನ ಮಗನೊಬ್ಬ ಸೆರೆಯ ರಾಜನನ್ನು ಕೊಂದ, ಆ ಕೊಲೆಯಿಂದಲೇ ನಾಡಿನ ಪಾಳೆಯಗಾರರು ಒಡೆದುಹೋದರು ಎನ್ನುವುದು ಫ್ರೆಡರಿಕ್ ಕೇಳಿದ ಸುದ್ದಿ.

ಕೆಲವು ವಿದ್ವಾಂಸರು ಇದನ್ನು ಒಪ್ಪಲ್ಲ. ಆಮೇಲಿನ ಶಾಸನಗಳಲ್ಲೂ ಸದಾಶಿವನ ಹೆಸರಿದೆಯಲ್ಲ ಅಂತಾರೆ. ಇರಬಹುದು. ಆದರೆ ಸತ್ತವರ ಹೆಸರಲ್ಲಿ ಪಡಿತರ ಎತ್ತೋದನ್ನ, ಕೂಲಿಪಟ್ಟಿಯಲ್ಲಿ ಹೆಬ್ಬೆಟ್ಟು ಒತ್ತೋದನ್ನ ಕಂಡ ನಮಗೆ ಕಲ್ಲಿನ ಮೇಲೆ ಹೆಸರಿದೆ ಎನ್ನುವುದೊಂದೇ ಬದುಕಿದ್ದಕ್ಕೆ ಸಾಕ್ಷಿ ಅನಿಸೋದಿಲ್ಲ. ಬದುಕಿದ್ದಾಗಲೂ ಅವನ ಹೆಸರಷ್ಟೇ ತಾನೇ ಹೊರಗೆ ಓಡಾಡಿದ್ದು? ಧರ್ಮಕ್ಕೂ ಧರ್ಮಕ್ಕೂ ನಡೆದ ಯುದ್ಧ ಇದು ಅಂತ ಭಾಷಣ ಬಿಗಿಯುವವರು ಈ ಸೆರೆಮನೆಯ ಬಾಗಿಲ ಹತ್ತಿರ ಬರೋದೇ ಇಲ್ಲ.

ಇನ್ನು ನಮ್ಮ ಪಾಲಿನ ಗುಟ್ಟು. ರಾಬರ್ಟ್ ಸಿವೆಲ್ ಎಂಬ ಮದ್ರಾಸ್ ಸರ್ಕಾರದ ಅಧಿಕಾರಿ, ಬಳ್ಳಾರಿಯ ಕಲೆಕ್ಟರನೂ ಆಗಿದ್ದವನು, 1900ರಲ್ಲಿ ‘ಎ ಫರ್ಗಾಟನ್ ಎಂಪೈರ್’ ಬರೆದ. ವಿಜಯನಗರದ ಬಗ್ಗೆ ಆಮೇಲೆ ಬರೆದವರೆಲ್ಲ ಕುಡಿದದ್ದು ಆ ಬಾವಿಯ ನೀರನ್ನೇ. ತಿರುಮಲ ಓಡಿದ ಮಾರನೆಯ ದಿನ, ಸುಲ್ತಾನರಿಗಿಂತ ಮೊದಲು, ಊರಿನ ಮೇಲೆ ಬಿದ್ದು ದೋಚಿದವರು ಬ್ರಿಂಜಾರಿ, ಲಂಬಾಡಿ, ಕುರುಬರು ಅಂತ ಅದರಲ್ಲಿದೆ. ಈ ಹೆಸರುಗಳು ಎಲ್ಲಿಂದ ಬಂದವು? ಅವನಿಗೆ ಆಧಾರ ಕೌಟೊ ಎಂಬ ಪೋರ್ಚುಗೀಸ್ ಚರಿತ್ರೆಕಾರ. ಕೌಟೊ ಆವತ್ತು ಹಂಪಿಯಲ್ಲಿ ನಿಂತು ಕಣ್ಣಾರೆ ಕಂಡವನಲ್ಲ. ಅವನು ಬರೆದದ್ದು ‘ಬೆದುಎಸ್’ ಅಂತ ಒಂದು ಪದ, ಅಷ್ಟೇ. ಬೆದುಯಿನ್ ಅಂದರೆ ಅಲೆಮಾರಿ ಇರಬೇಕು ಅಂತ ಸಿವೆಲ್ಲನೇ ಅಡಿಟಿಪ್ಪಣಿಯಲ್ಲಿ ಊಹೆ ಮಾಡ್ತಾನೆ. ಬೇಡರು ಅಂದದ್ದು ಹಾಗೆ ಕೇಳಿಸಿತೋ ಏನೋ ಅಂತ ನಮಗೂ ಒಂದು ಊಹೆ ಬರುತ್ತೆ, ಊಹೆಗೇನು ಕಂದಾಯವೇ? ಅಡಿಯಲ್ಲಿ ಊಹೆ, ಮೇಲೆ ಮೂರು ಜಾತಿಯ ಹೆಸರು. ಓದೋರು ಮೇಲಿನದನ್ನು ಓದ್ತಾರೆ, ಅಡಿಯದನ್ನು ಬಿಡ್ತಾರೆ.

ಲಂಬಾಣಿಗರು ದೊಡ್ಡ ಸಂಖ್ಯೆಯಲ್ಲಿ ದಖ್ಖನಿಗೆ ಬಂದದ್ದು 17ನೇ ಶತಮಾನದಲ್ಲಿ, ಮೊಘಲ್ ದಂಡಿಗೆ ದವಸ ಹೇರಿದ ಎತ್ತುಗಳ ಜೊತೆ ಅಂತ ಇತಿಹಾಸಕಾರರೇ ಹೇಳ್ತಾರೆ. ಹಾಗಿದ್ದ ಮೇಲೆ 1565ರ ಕಳವು ಅವರ ತಲೆಗೆ ಹೇಗೆ ಬಂತು? ಸಿವೆಲ್ ಬರೆದ ಕಾಲ ನೆನಪಿಡಬೇಕು. ಅಲೆಮಾರಿಗಳನ್ನು ಹುಟ್ಟಿನಿಂದಲೇ ಅಪರಾಧಿಗಳು ಅಂತ ಪಟ್ಟಿ ಮಾಡುವ ಕಾಯ್ದೆ 1871ರಲ್ಲೇ ಬಂದಿತ್ತು; 1911ರಲ್ಲಿ ಮದ್ರಾಸ್ ಪ್ರಾಂತಕ್ಕೂ ಬಂತು; ಹೋದದ್ದು 1952ರಲ್ಲಿ. ಕಲೆಕ್ಟರ್ ಕಚೇರಿಯ ಕಣ್ಣಿಗೆ ಕಳ್ಳ ಅಂದರೆ ಯಾರು ಎನ್ನುವುದು ಮೊದಲೇ ತೀರ್ಮಾನವಾಗಿತ್ತು. ಸಂಡೂರಿನ ಲಂಬಾಣಿ ಕಸೂತಿಯನ್ನು ಇವತ್ತು ಕೈಯಲ್ಲಿ ಹಿಡಿದು ಮೆಚ್ಚುವವರು, ಅದನ್ನು ಹೊಲಿಯುವ ಬೆರಳುಗಳ ಮೇಲೆ ಒಂದು ಪುಸ್ತಕ ಹೊರಿಸಿದ್ದು ಏನು ಅಂತಲೂ ತಿಳಿಯಲಿ. ಆನೆ ಮೇಲೆ ಹೇರಿಕೊಂಡು ಹೋದದ್ದು ರಾಜ್ಯದ ರಕ್ಷಣೆ, ತಲೆ ಮೇಲೆ ಹೊತ್ತದ್ದು ಲೂಟಿ!

ಫ್ರೆಡರಿಕ್ ಇನ್ನೊಂದು ಸಂಗತಿ ಹೇಳ್ತಾನೆ. ಅವನು ಬಂದಾಗ ಪಟ್ಟಣ ಪೂರ್ತಿ ನಾಶವಾಗಿರಲಿಲ್ಲ. ಮನೆಗಳು ನಿಂತಿದ್ದವು, ಒಳಗೆ ಮನುಷ್ಯರಿಲ್ಲ, ಹುಲಿ ಮತ್ತು ಕಾಡುಮೃಗಗಳಿದ್ದವು. ಮೂವರು ಸೋದರರ ಅರಮನೆ ಮತ್ತು ಗುಡಿಗಳನ್ನು ಬಿಟ್ಟರೆ ಉಳಿದದ್ದೆಲ್ಲ ಮಣ್ಣಿನ ಮನೆ. ಇವತ್ತು ನಾವು ಹಂಪಿಗೆ ಹೋಗಿ ನೋಡುವುದು ಆ ಬಿಟ್ಟದ್ದನ್ನು ಮಾತ್ರ. ಮಣ್ಣಿನ ಮನೆ ನಾಲ್ಕು ಮಳೆಗಾಲ ಮಾಡು ಇಲ್ಲದೆ ನಿಂತರೆ ಕರಗಿ ಹೋಗುತ್ತೆ. ನೇಕಾರ, ಕಲ್ಲುಕುಟಿಗ, ಮಾದಿಗ, ಹೊಲೆಯ, ಸೂಳೆಗೇರಿಯವರು, ಎಲ್ಲರ ಮನೆಯೂ ಹಾಗೆ ಕರಗಿತು.

ಹೊಸಪೇಟೆಯನ್ನು ನಾಗಲಾಪುರ ಅಂತ ಕಟ್ಟಿದವನು ಕೃಷ್ಣದೇವರಾಯ. ಅವನ ಕಾಲದಲ್ಲಿ ಅಲ್ಲಿ ಕಟ್ಟಿದ ದೊಡ್ಡ ಕೆರೆಗೆ 15-20 ಸಾವಿರ ಆಳು ಇರುವೆಯಂತೆ ಮುತ್ತಿದ್ದರು, ಏರಿ ಒಡೆದಾಗ ಪುರೋಹಿತರ ಮಾತಿಗೆ 60 ಜನರ ತಲೆ ಕಡಿಸಿದರು ಅಂತ 1520ರ ಸುಮಾರಿಗೆ ಬಂದ ಪಾಯೆಸ್ ಬರೆದ. ರಾಜನ ಹೆಸರು ಎಲ್ಲರ ಬಾಯಲ್ಲಿದೆ. ಆ 60 ಹೆಸರು? ಕಂಪ್ಲಿಯ ಕತೆಯೇ ಬೇರೆ. ಆ ರಾಜ್ಯ ದಿಲ್ಲಿಯ ದಂಡಿಗೆ 1327ರ ಸುಮಾರಿಗೇ ಬಿತ್ತು, ಆದರೂ ಅದರ ಕುಮಾರರಾಮನನ್ನು ಹಾಡಿಕೊಂಡು ಜನ ಇವತ್ತಿಗೂ ಉಳಿಸಿಕೊಂಡಿದ್ದಾರೆ. ತಿರುಮಲರಾಯನ ಮೇಲೆ ನಮ್ಮ ಕಡೆಯ ಹೆಂಗಸರು ಬೀಸೋಕಲ್ಲಿನ ಮುಂದೆ ಒಂದು ಪದ ಹಾಡಿದ್ದನ್ನು ನಾವು ಕೇಳಿಲ್ಲ.

ಮನೆ ಬಿಡಿಸುವುದು ಅವನ ಕಾಲಕ್ಕೆ ನಿಲ್ಲಲಿಲ್ಲ. ವಿರೂಪಾಕ್ಷನ ಬಜಾರಿನ ಸಾಲುಮಂಟಪಗಳಲ್ಲಿ ಗೋಡೆ ಕಟ್ಟಿಕೊಂಡು, ಅಂಗಡಿ ಇಟ್ಟುಕೊಂಡು ಬದುಕಿದ್ದ ಮುನ್ನೂರರಷ್ಟು ಸಂಸಾರಗಳ ಮೇಲೆ 2011ರ ಜುಲೈ 29ರಂದು ಬುಲ್ಡೋಜರ್ ಬಂತು. ಸ್ಮಾರಕ ಉಳಿಸಬೇಕು, ಸರಿ. ಪರಂಪರೆ ಅಂದರೆ ಕಂಬ ಮಾತ್ರವೋ, ಕಂಬದ ಕೆಳಗೆ ಅನ್ನ ಬೇಯಿಸಿದವರೂ ಸೇರುತ್ತಾರೋ ಅಂತ ಆ ಬೆಳಗ್ಗೆ ಯಾರೂ ಕೇಳಲಿಲ್ಲ. ಅದೇ ದಿನ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಸಂಡೂರಿನ ಗುಡ್ಡಗಳಿಗೆ ಕಂಡೋರಿಲ್ಲದ ಗಾಯ ಮಾಡಿದ ಮೇಲೆ ಯಂತ್ರಗಳಿಗೆ ಅಲ್ಲಿ ರಜೆ ಸಿಕ್ಕಿತು, ಇಲ್ಲಿ ಹಂಪಿಯಲ್ಲಿ ಕೆಲಸ ಸಿಕ್ಕಿತು. ಬಿಡಿಸಿದವರಿಗೆ ಜಾಗ ತೋರಿಸಿದ್ದು ಕಡ್ಡಿರಾಂಪುರದ ಕಡೆ.

ತಿರುಮಲರಾಯ ಹೆಚ್ಚು ದಿನ ಉಳಿಯಲಿಲ್ಲ. 1567ರಲ್ಲೇ ಆಸ್ಥಾನ ಎತ್ತಿಕೊಂಡು, ಎಂಟು ದಿನದ ದಾರಿ ದೂರದ ಪೆನುಗೊಂಡೆಯ ಕೋಟೆ ಸೇರಿದ. ಮುಂದೆ ಪಟ್ಟವನ್ನೂ ಕಟ್ಟಿಸಿಕೊಂಡ, ಅರವೀಡು ವಂಶ ಅಂತ ಹೆಸರೂ ಆಯಿತು. ಇಲ್ಲಿ ಉಳಿದವರು ಅದೇ ಕಾಲುವೆಗಳ ನೀರು ತಿರುಗಿಸಿಕೊಂಡು ಗದ್ದೆ ಮಾಡಿದರು. ಕಮಲಾಪುರದ ಸುತ್ತ ಆ ಹಳೆಯ ಕಾಲುವೆಗಳು ಇನ್ನೂ ಹರಿಯುತ್ತವೆ. ಮನೆಗಳು ಕರಗಿದ ಮಣ್ಣಲ್ಲಿ ಬಾಳೆ, ಕಬ್ಬು ಬೆಳೆಯುತ್ತೆ.