ಮೊದಲ ಕೆಲಸ, ಮೊದಲ ಅನುಭವ: ಒಂದು ತಿದ್ದುಪಡಿ

ಕಳೆದ ತಿಂಗಳು ತಂಗಿಯ ಮೊಮ್ಮಗಳು ಮನೆಗೆ ಬಂದಿದ್ದಳು. ಬಿ.ಕಾಂ. ಪದವಿಯನ್ನು ಪ್ರಥಮ ದರ್ಜೆಯಲ್ಲಿ ಮುಗಿಸಿ ಎಂಟು ತಿಂಗಳಾಗಿದ್ದರೂ ಲೆಕ್ಕಪತ್ರದ ಕೆಲಸವೊಂದೂ ದೊರೆತಿರಲಿಲ್ಲ. “ಹೋದಲ್ಲೆಲ್ಲ ಎರಡು ವರ್ಷದ ಅನುಭವ ಇದೆಯಾ ಅಂತ ಕೇಳ್ತಾರೆ ಅಜ್ಜ. ಯಾರೂ ಕೆಲಸ ಕೊಡದೆ ಅನುಭವ ಎಲ್ಲಿಂದ ತರಲಿ?” ಎಂದಳು. ಮೇಷ್ಟ್ರ ಅಭ್ಯಾಸ ಸುಲಭಕ್ಕೆ ಬಿಡುವುದಿಲ್ಲ. ನಾನು ಕೂಡಲೇ, “ನಾನು ಮೂರು ತಿಂಗಳು ಸಂಬಳವಿಲ್ಲದೆ ದುಡಿದು ಕಲಿತೆ. ನೀನೂ ಹಾಗೆ ಮಾಡು” ಎಂದು ಉಪದೇಶಿಸಿದೆ. ಅವಳು ಮೆಲ್ಲಗೆ ಕೇಳಿದಳು: “ಆ ಮೂರು ತಿಂಗಳು ನಿಮಗೆ ಊಟ ಯಾರು ಹಾಕ್ತಿದ್ರು?”

ಆ ಪ್ರಶ್ನೆಗೆ ನಾನು ತಕ್ಷಣ ಉತ್ತರಿಸಲಿಲ್ಲ. ಈ ಬರಹವೇ ಉತ್ತರ.

ಲೆಕ್ಕ ಬರೆಯುವ ವೃತ್ತಿ ನಮ್ಮಲ್ಲಿ ಬಹಳ ಹಳೆಯದು. ಮೈಸೂರು ಸೀಮೆಯ ಹಳ್ಳಿಗಳಲ್ಲಿ ಶಾನುಭೋಗರು ಕಂದಾಯದ ಲೆಕ್ಕವಿಡುತ್ತಿದ್ದರು. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಸವರಿ, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದ ‘ಕಡತ’ದಲ್ಲಿ ಬಳಪದಿಂದ ಬರೆಯುತ್ತಿದ್ದರು. ಇಂದು ಕಚೇರಿಯ ಫೈಲಿಗೆ ನಾವು ಕಡತ ಎನ್ನುವುದು ಅಲ್ಲಿಂದಲೇ ಬಂದದ್ದು. ಶಾನುಭೋಗರ ಮಗನನ್ನು ಯಾರೂ ಅನುಭವ ಕೇಳಲಿಲ್ಲ. ಅಪ್ಪನ ಪಕ್ಕದಲ್ಲಿ ಕುಳಿತು ಅವನು ಕಲಿಯುತ್ತಿದ್ದ, ಅನ್ನ ಆ ಮನೆಯದೇ. ಆದರೆ ಆ ಮನೆಯಲ್ಲಿ ಹುಟ್ಟದವನಿಗೆ ಆ ಬಾಗಿಲೂ ಇರಲಿಲ್ಲ. ವಂಶಪಾರಂಪರ್ಯದ ಈ ಗ್ರಾಮ ಹುದ್ದೆಗಳನ್ನು ರದ್ದುಪಡಿಸಿದ 1961ರ ಕಾಯಿದೆ 1963ರ ಫೆಬ್ರವರಿಯಲ್ಲಿ ಜಾರಿಗೆ ಬಂದಿತು.

ದೂರದ ಇಟಲಿಯಲ್ಲೂ ಕಥೆ ಬಹಳ ಬೇರೆಯಲ್ಲ. ಜೋಡಿ ನಮೂದು ಪದ್ಧತಿಯನ್ನು ಮೊದಲು ಅಚ್ಚಿನಲ್ಲಿ ವಿವರಿಸಿದವನು ಲೂಕಾ ಪಚೋಲಿ, 1494ರಲ್ಲಿ, ವೆನಿಸ್ ನಗರದಲ್ಲಿ. ಪದ್ಧತಿ ಅವನ ಸೃಷ್ಟಿಯಲ್ಲ. ವರ್ತಕರು ಅದಾಗಲೇ ಬಳಸುತ್ತಿದ್ದರು. ತರುಣನಾಗಿದ್ದಾಗ ಅವನು ವೆನಿಸ್ಸಿನ ಒಬ್ಬ ವ್ಯಾಪಾರಿಯ ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳಿಕೊಂಡಿದ್ದ. ಪುಸ್ತಕ ಬರೆದವನಿಗೂ ಮೊದಲು ಒಂದು ವ್ಯಾಪಾರಿ ಮನೆಯ ಆಶ್ರಯ ದೊರೆತಿತ್ತು ಎಂಬುದನ್ನು ಗಮನಿಸಬೇಕು.

ಲೆಕ್ಕಪರಿಶೋಧನೆ ಸಂಘಟಿತ ವೃತ್ತಿಯಾದದ್ದು ಸ್ಕಾಟ್ಲೆಂಡಿನಲ್ಲಿ. ಎಡಿನ್‌ಬರೋ ನಗರದ ಲೆಕ್ಕಿಗರ ಸಂಘಕ್ಕೆ 1854ರಲ್ಲಿ ರಾಜಸನ್ನದು ದೊರೆಯಿತು. ಇಂಗ್ಲೆಂಡಿನ ಸಂಸ್ಥೆಗೆ 1880ರಲ್ಲಿ. ಅಲ್ಲಿ ಹೊಸಬನು ಒಬ್ಬ ಹಿರಿಯ ಲೆಕ್ಕಿಗನ ಕೈಕೆಳಗೆ ಕರಾರು ಬರೆದುಕೊಟ್ಟು ಸಾಮಾನ್ಯವಾಗಿ ಐದು ವರ್ಷ ದುಡಿಯಬೇಕಿತ್ತು. ಇದಕ್ಕೆ ಆರ್ಟಿಕಲ್‌ಶಿಪ್ ಎಂದು ಹೆಸರು. ಕಲಿಸುವ ಯಜಮಾನನಿಗೆ ಕಲಿಯುವವನ ತಂದೆಯೇ ದೊಡ್ಡ ಮೊತ್ತ ಕೊಡುವ ರೂಢಿಯೂ ಇತ್ತು! ಅನುಭವವನ್ನು ರೊಕ್ಕ ಕೊಟ್ಟು ಕೊಳ್ಳಬೇಕಾಗಿತ್ತು ಎಂದಾಯಿತು.

ನಮ್ಮ ದೇಶದಲ್ಲಿ ಮುಂಬಯಿಯ ಸಿಡೆನ್‌ಹ್ಯಾಮ್ ಕಾಲೇಜು 1913ರಲ್ಲಿ ವಾಣಿಜ್ಯ ಶಿಕ್ಷಣಕ್ಕೆಂದೇ ಆರಂಭವಾಯಿತು. ಅದೇ ವರ್ಷದ ಕಂಪನಿ ಕಾಯಿದೆ ಲೆಕ್ಕಪರಿಶೋಧಕರಿಗೆ ಅರ್ಹತೆಯನ್ನು ವಿಧಿಸಿತು. ಸ್ವಾತಂತ್ರ್ಯಾನಂತರ 1949ರ ಜುಲೈ 1ರಂದು ಚಾರ್ಟರ್ಡ್ ಅಕೌಂಟೆಂಟುಗಳ ಸಂಸ್ಥೆ ಸ್ಥಾಪನೆಯಾಯಿತು. ಆರ್ಟಿಕಲ್‌ಶಿಪ್ ಇಲ್ಲಿಯೂ ಉಳಿಯಿತು.

ಸಾಮಾನ್ಯ ಮನೆಯ ಪದವೀಧರನಿಗೆ ದೊಡ್ಡ ಬಾಗಿಲು ತೆರೆದದ್ದು ಬ್ಯಾಂಕುಗಳು. ನಮ್ಮ ಕರಾವಳಿಯ ಎರಡು ಜಿಲ್ಲೆಗಳಲ್ಲಿಯೇ ಕೆನರಾ, ಕಾರ್ಪೊರೇಷನ್ (ಎರಡೂ 1906), ಕರ್ಣಾಟಕ (1924), ಸಿಂಡಿಕೇಟ್ (1925), ವಿಜಯಾ (1931) ಎಂಬ ಐದು ಬ್ಯಾಂಕುಗಳು ಹುಟ್ಟಿದವು. ಇವುಗಳಲ್ಲಿ ಮೂರು 2019 ಮತ್ತು 2020ರಲ್ಲಿ ಬೇರೆ ಬ್ಯಾಂಕುಗಳೊಡನೆ ವಿಲೀನವಾಗಿ ಹೆಸರು ಕಳೆದುಕೊಂಡದ್ದು ನಿಮಗೆ ತಿಳಿದೇ ಇದೆ. 1969ರ ಜುಲೈ 19ರಂದು 14 ಬ್ಯಾಂಕುಗಳ ರಾಷ್ಟ್ರೀಕರಣವಾದಾಗ ದೇಶದಲ್ಲಿದ್ದ ಶಾಖೆಗಳು 8,262. 1980ರ ಹೊತ್ತಿಗೆ ಆ ಸಂಖ್ಯೆ 32,000 ದಾಟಿತ್ತು. ಅಷ್ಟು ಶಾಖೆಗಳಿಗೆ ಗುಮಾಸ್ತರು ಬೇಕಿತ್ತು. ಪರೀಕ್ಷೆ ಬರೆಸಿ, ಆಯ್ಕೆಯಾದವನನ್ನು ಸಂಬಳ ಕೊಟ್ಟೇ ಕೆಲಸ ಕಲಿಸಿದರು. ಅಪ್ಪನ ಹೆಸರಾಗಲಿ ರೊಕ್ಕವಾಗಲಿ ಇಲ್ಲದ ಎಷ್ಟೋ ತರುಣರು ಆ ಬಾಗಿಲಿನಿಂದ ಒಳಹೊಕ್ಕರು. ಕಲಿಕೆಯ ಖರ್ಚನ್ನು ಇಲ್ಲಿ ಉದ್ಯೋಗದಾತನೇ ಹೊತ್ತ.

ಈಗ ನನ್ನ ಕಥೆ. ನಿಮ್ಮಲ್ಲಿ ಅನೇಕರು ಇದನ್ನು ತರಗತಿಯಲ್ಲಿ ಕೇಳಿದ್ದೀರಿ.

1973ರಲ್ಲಿ ಬಿ.ಕಾಂ. ಮುಗಿಸಿ ಶಿವಮೊಗ್ಗದ ಒಂದು ಅಡಿಕೆ ಮಂಡಿಗೆ ಹೋದೆ. ನನ್ನ ಸಹಪಾಠಿಯೊಬ್ಬನೂ ಜೊತೆಗಿದ್ದ. ಸಾಹುಕಾರರು, “ಮೂರು ತಿಂಗಳು ಸಂಬಳವಿಲ್ಲ. ಕೆಲಸ ಬಂದರೆ ಆಮೇಲೆ ನೋಡೋಣ” ಎಂದರು. ಎಲ್ಲರೂ ರಾಯರು ಎಂದು ಕರೆಯುತ್ತಿದ್ದ ಹಿರಿಯ ಗುಮಾಸ್ತರು ನಮ್ಮ ಮುಂದೆ ಕಿರ್ದಿ ಪುಸ್ತಕ ತಳ್ಳಿ, “ಮೊದಲು ಇದನ್ನು ಕೂಡಿ” ಎಂದರು. ಬೆಳೆಗಾರನ ಮುಂಗಡ, ಅದರ ಬಡ್ಡಿ, ಮೂಟೆಯ ತೂಕ, ದಲಾಲಿ, ಹಮಾಲಿ ಎಲ್ಲವನ್ನೂ ಕಳೆದು ಅವನ ಕೈಗೆ ಬರುವ ಶಿಲ್ಕು ಎಷ್ಟೆಂಬುದನ್ನು ಕಾಲೇಜು ನಮಗೆ ಕಲಿಸಿರಲಿಲ್ಲ. ಒಂದು ದಿನ ಮೊತ್ತದಲ್ಲಿ 45 ರೂಪಾಯಿ ವ್ಯತ್ಯಾಸ ಬಂದಾಗ ರಾಯರು, “ಒಂಬತ್ತರಿಂದ ಭಾಗವಾಗುತ್ತದೆ. ಎಲ್ಲೋ ಅಂಕೆ ಅದಲುಬದಲಾಗಿದೆ, ಹುಡುಕಿ” ಎಂದರು. 5,472 ಎಂಬುದನ್ನು ನಾನು 5,427 ಎಂದು ಇಳಿಸಿದ್ದೆ. ನನಗಿಂತ ಮೊದಲು ಅದನ್ನು ಕಂಡುಹಿಡಿದವನು ನನ್ನ ಸಹಪಾಠಿ. ಅವನು ನಮ್ಮ ತರಗತಿಗೇ ಮೊದಲಿಗ.

ಅವನು ಒಂಬತ್ತು ದಿನ ಬಂದ. ಹತ್ತನೆಯ ದಿನ ಬರಲಿಲ್ಲ. ನಾನು ಮೂರು ತಿಂಗಳು ಪೂರೈಸಿ ಸಂಬಳ ಪಡೆದೆ. ಮುಂದೆ ಬಿ.ಎಡ್. ಮಾಡಿ ನಿಮ್ಮ ಮೇಷ್ಟ್ರಾದೆ. “ಬುದ್ಧಿಯಿದ್ದರೆ ಸಾಲದು, ತಾಳ್ಮೆ ಬೇಕು” ಎಂಬ ನೀತಿಯೊಡನೆ ಮೂವತ್ತು ವರ್ಷ ಈ ಕಥೆಯನ್ನು ಹೇಳಿದೆ.

ಹೇಳದೆ ಬಿಟ್ಟದ್ದೊಂದಿದೆ. ಹತ್ತನೆಯ ದಿನದ ಸಂಜೆ ಅವನು ನನಗೆ ಬಸ್ ನಿಲ್ದಾಣದಲ್ಲಿ ಸಿಕ್ಕಿದ್ದ. “ಮನೆಯಲ್ಲಿ ಅಕ್ಕಿ ಮುಗಿದಿದೆ ಮಾರಾಯ. ನಾಳೆಯಿಂದ ಅಪ್ಪನ ಜೊತೆ ಕೂಲಿಗೆ ಹೋಗ್ತೇನೆ. ನಿನಗಾದರೆ ಅಣ್ಣ ಇದ್ದಾನೆ” ಎಂದಿದ್ದ. ಹೌದು, ನನಗೆ ಅಣ್ಣನಿದ್ದ. ಆ ಮೂರು ತಿಂಗಳು ಅತ್ತಿಗೆ ಬುತ್ತಿ ಕಟ್ಟಿಕೊಡುತ್ತಿದ್ದರು. ಈ ಮಾತು ಸೇರಿಸಿದರೆ ಕಥೆಯ ನೀತಿ ಕೆಡುತ್ತದೆಂದು ನಾನು ಬಿಟ್ಟುಬಿಟ್ಟಿದ್ದೆ. ಅವನಿಗೆ ಅದು ಅನ್ಯಾಯ. ಲೆಕ್ಕದ ಪುಸ್ತಕದಲ್ಲಿ ತಪ್ಪಾದರೆ ಹೊಡೆದುಹಾಕಬಾರದು, ತಿದ್ದುಪಡಿಯ ನಮೂದು ಬರೆಯಬೇಕು ಎಂದು ರಾಯರು ಹೇಳುತ್ತಿದ್ದರು. ಐವತ್ತು ವರ್ಷ ತಡವಾಗಿ ಇಲ್ಲಿ ಬರೆದಿದ್ದೇನೆ: ಅವನಿಗೆ ತಾಳ್ಮೆಯ ಕೊರತೆಯಿರಲಿಲ್ಲ.

ಇಂದಿನ ತೊಡಕು ಇನ್ನೊಂದು ಬಗೆಯದು. ಬೆಂಗಳೂರಿನಲ್ಲಿ 1986ರಲ್ಲಿ ಆರಂಭವಾದ ಕಂಪನಿಯೊಂದು ರೂಪಿಸಿದ ಟ್ಯಾಲಿ ತಂತ್ರಾಂಶ ಅಂಗಡಿ ಅಂಗಡಿಗೂ ಬಂದಿತು. 2017ರ ಜುಲೈ 1ರಿಂದ ಜಿಎಸ್‌ಟಿ ಬಂದಿತು. ಕೂಡುವ, ನಕಲಿಳಿಸುವ, ತಾಳೆ ನೋಡುವ ಕೆಲಸವನ್ನು ಯಂತ್ರವೇ ಮಾಡುತ್ತದೆ. ಆದರೆ ಹೊಸಬನು ಕಲಿಯುತ್ತಿದ್ದದ್ದು ಆ ಕೆಲಸದಿಂದಲೇ ಅಲ್ಲವೇ? ಕೆಳಗಿನ ಮೆಟ್ಟಿಲನ್ನು ತೆಗೆದಿಟ್ಟು, ಮೇಲಿನ ಮೆಟ್ಟಿಲಿನಲ್ಲಿ ನಿಂತು ‘ಅನುಭವವಿದೆಯೇ’ ಎಂದು ಕೇಳುತ್ತಿದ್ದೇವೆ.

ಮರುದಿನ ಬೆಳಿಗ್ಗೆ ಮೊಮ್ಮಗಳಿಗೆ ನನ್ನ ಹಿಂದಿನ ಉಪದೇಶವನ್ನು ವಾಪಸು ಪಡೆದೆನೆಂದು ಹೇಳಿ, ಬೇರೆ ಮಾತು ಹೇಳಿದೆ. 2014ರಲ್ಲಿ ತಿದ್ದುಪಡಿಯಾದ ಅಪ್ರೆಂಟಿಸ್ ಕಾಯಿದೆಯಡಿ ಎಂಜಿನಿಯರಿಂಗ್ ಓದದ ಪದವೀಧರರಿಗೂ ಭತ್ಯೆಯೊಡನೆ ತರಬೇತಿಯ ಅವಕಾಶವಿದೆ, ಅದನ್ನು ವಿಚಾರಿಸು. ಆಡಿಟರ ಕಚೇರಿಗಳಿಗೆ ನೀನೇ ಹೋಗಿ ಕೇಳು. ರಿಟರ್ನ್ ಸಲ್ಲಿಸುವ ದಿನಗಳಲ್ಲಿ ಅವರಿಗೆ ಕೈ ಸಾಲದು. ಅಲ್ಲಿಯವರೆಗೆ ಸೋದರಮಾವನ ಅಂಗಡಿಯ ಒಂದು ವರ್ಷದ ಲೆಕ್ಕವನ್ನು, ಖರೀದಿ ಬಿಲ್ಲಿನಿಂದ ಬ್ಯಾಂಕ್ ಪಾಸ್‌ಬುಕ್ಕಿನ ತಾಳೆಯವರೆಗೆ, ಅಢಾವೆ ಪತ್ರಿಕೆಯವರೆಗೆ ನೀನೇ ಬರೆದು ಮುಗಿಸು. ಸಂದರ್ಶನದಲ್ಲಿ ಅನುಭವ ಕೇಳಿದರೆ, ಸುಳ್ಳು ಹೇಳದೆ, ಮಾಡಿದ ಕೆಲಸವನ್ನು ವಿವರಿಸು. ಮಾವನಿಗೆ ಫೋನ್ ಮಾಡಿ, ಆ ಕೆಲಸಕ್ಕೆ ಹಣ ಕೊಡಬೇಕೆಂದು ನಾನೇ ಹೇಳಿದೆ. ಅವನು ನಕ್ಕು ಒಪ್ಪಿದ. ಈಗ ಅವಳು ಆಗಸ್ಟ್ ತಿಂಗಳ ಬಿಲ್ಲುಗಳಲ್ಲಿ ಮುಳುಗಿದ್ದಾಳೆ.

ಕೊನೆಗೊಂದು ಮಾತು, ನನ್ನ ಹಳೆಯ ವಿದ್ಯಾರ್ಥಿಗಳಿಗೆ. ನಿಮ್ಮಲ್ಲಿ ಕೆಲವರು ಇಂದು ಅಂಗಡಿ, ಕಾರ್ಖಾನೆ, ಕಚೇರಿಗಳ ಯಜಮಾನರಾಗಿದ್ದೀರಿ. ಅನುಭವವಿಲ್ಲದ ಹುಡುಗನೋ ಹುಡುಗಿಯೋ ಅರ್ಜಿ ಹಿಡಿದು ಬಂದಾಗ ಒಂದು ಕಿರ್ದಿ ಮುಂದಿಟ್ಟು ಪರೀಕ್ಷಿಸಿ, ತಪ್ಪೇನಿಲ್ಲ. ಆದರೆ ಕಲಿಯುವ ಮೂರು ತಿಂಗಳಿಗೂ ಸಂಬಳ ಕೊಡಿ. ಬಂದವರ ಮನೆಯಲ್ಲಿ ಬುತ್ತಿ ಕಟ್ಟುವ ಅತ್ತಿಗೆ ಇದ್ದಾರೋ ಇಲ್ಲವೋ, ನಮಗೆ ಕಾಣುವುದಿಲ್ಲ.