ಗೊರಕೆಗೂ ಹಲ್ಲಿನ ಡಾಕ್ಟ್ರಿಗೂ ಏನ್ ಸಂಬಂಧ? ನೂರು ವರ್ಷದ ಕಥೆ
1/6
ಹಾಸ್ಟೆಲ್‌ನಲ್ಲಿ ಯಾರಾದ್ರೂ ಗೊರಕೆ ಹೊಡೆದ್ರೆ ನಾವೇನ್ ಮಾಡ್ತೀವಿ? ವಿಡಿಯೋ ಮಾಡಿ ಗ್ರೂಪಿಗೆ ಹಾಕ್ತೀವಿ, ‘ಕುಂಭಕರ್ಣ’ ಅಂತ ನಗ್ತೀವಿ. ನಮ್ಮ ಸಿರುಗುಪ್ಪದ ಮನೆಗಳಲ್ಲೂ ಅಷ್ಟೇ. ಅಜ್ಜ ಜೋರಾಗಿ ಗೊರಕೆ ಹೊಡೆದ್ರೆ ‘ಗದ್ದೆ ಕೆಲಸ ಮಾಡಿ ದಣಿದಾನ, ಒಳ್ಳೆ ನಿದ್ದೆ ಹತ್ತೈತಿ’ ಅಂತಾರೆ. ಅದು ಒಳ್ಳೆ ನಿದ್ದೆ ಅಲ್ಲದೇ ಇರಬಹುದು. ಈ ಕಥೆ ಶುರುವಾಗೋದು ಒಬ್ಬ ಹಲ್ಲಿನ ಡಾಕ್ಟ್ರಿಂದ.

2/6
ಪ್ಯಾರಿಸ್‌ನ ಪಿಯರ್ ರೋಬಿನ್. ಬಾಯಿ-ಹಲ್ಲಿನ ವೈದ್ಯ. 1902ರಲ್ಲಿ ಕೆಳದವಡೆಯನ್ನು ಮುಂದಕ್ಕೆ ತಂದು ಹಿಡಿಯುವ ‘ಮೊನೊಬ್ಲಾಕ್’ ಎಂಬ ಸಾಧನದ ಬಗ್ಗೆ ಬರೆದರು. ದವಡೆ ಚಿಕ್ಕದಿದ್ದರೆ ನಾಲಿಗೆ ಹಿಂದಕ್ಕೆ ಜಾರಿ ಉಸಿರಿಗೆ ಅಡ್ಡ ಬರುತ್ತೆ ಅಂತ 1923ರಲ್ಲಿ ವಿವರಿಸಿದರು. ಆಗ ನಮ್ಮ ದೇಶದ ಮೊದಲ ಡೆಂಟಲ್ ಕಾಲೇಜಿಗೆ ಬರೀ ಮೂರು ವರ್ಷ. ಡಾ. ಆರ್. ಅಹ್ಮದ್ ಅದನ್ನು ಕಲ್ಕತ್ತಾದಲ್ಲಿ ಶುರು ಮಾಡಿದ್ದು 1920ರಲ್ಲಿ.

3/6
ಆಮೇಲೆ ಆ ಎಳೆ ಕೈತಪ್ಪಿತು. ನಿದ್ದೆಯಲ್ಲಿ ಉಸಿರು ಮತ್ತೆ ಮತ್ತೆ ನಿಲ್ಲೋದನ್ನು 1965ರಲ್ಲಿ ಫ್ರಾನ್ಸ್, ಜರ್ಮನಿಯ ಸಂಶೋಧಕರು ಯಂತ್ರದಲ್ಲಿ ದಾಖಲಿಸಿದರು. ಇದೇ ಸ್ಲೀಪ್ ಆಪ್ನಿಯಾ. 1981ರಲ್ಲಿ ಸಿಡ್ನಿಯ ಕಾಲಿನ್ ಸಲಿವನ್ ಮೂಗಿನಿಂದ ಗಾಳಿ ಒತ್ತುವ ‘ಸಿಪ್ಯಾಪ್’ ತಂದರು. ಮರುವರ್ಷ ಅಮೆರಿಕದಲ್ಲಿ ಕಾರ್ಟ್‌ರೈಟ್, ಸ್ಯಾಮೆಲ್ಸನ್ ನಾಲಿಗೆಯನ್ನು ಮುಂದೆ ಹಿಡಿಯುವ ಸಾಧನ ತೋರಿಸಿದರು. 1991ರಲ್ಲಿ ಅಲ್ಲಿನ ಡೆಂಟಿಸ್ಟ್‌ಗಳು ಇದನ್ನು ಕಲಿಯೋಕೆ, ಕಲಿಸೋಕೆ ತಮ್ಮದೇ ಸಂಘ ಕಟ್ಟಿದರು. ರೋಬಿನ್ ಬರೆದು ಆಗಲೇ 68 ವರ್ಷ!

4/6
ಈ ತರಬೇತಿಯಲ್ಲಿ ಕಲಿಸೋದೇನು? ಮೊದಲು ಕೇಳೋದು: ಗೊರಕೆ ಇದೆಯಾ, ಹಗಲು ತೂಕಡಿಕೆ ಬರುತ್ತಾ, ಬಿಪಿ ಇದೆಯಾ? ಆಮೇಲೆ ಗಂಟಲು ನೋಡೋದು. ಬಾಯಿ ಅಗಲಿಸಿ ನಾಲಿಗೆ ಚಾಚಿದಾಗ ಕಿರುನಾಲಿಗೆ ಎಷ್ಟು ಕಾಣುತ್ತೆ ಅನ್ನೋದಕ್ಕೆ ‘ಮಲ್ಲಂಪಾಟಿ’ ಅಂತ ಲೆಕ್ಕ ಇದೆ. 1985ರಲ್ಲಿ ಅದನ್ನು ಕೊಟ್ಟವರು ನಮ್ಮ ಪಕ್ಕದ ಆಂಧ್ರ ಮೂಲದ ಅರಿವಳಿಕೆ ವೈದ್ಯ ಡಾ. ಶೇಷಗಿರಿ ಮಲ್ಲಂಪಾಟಿ! ಆದ್ರೆ ಇಷ್ಟರಿಂದಲೇ ಕಾಯಿಲೆ ಅಂತ ಹೇಳೋ ಹಾಗಿಲ್ಲ. ರಾತ್ರಿಯ ನಿದ್ರಾ ಪರೀಕ್ಷೆ ಬೇಕು. ಗಂಟೆಗೆ 5 ಅಥವಾ ಹೆಚ್ಚು ಸಲ, ಕನಿಷ್ಠ 10 ಸೆಕೆಂಡ್ ಉಸಿರು ನಿಂತರೆ ಅಥವಾ ತುಂಬಾ ಇಳಿದರೆ ಗಮನ ಕೊಡಲೇಬೇಕು. ಕಾಯಿಲೆ ಹೌದೋ ಅಲ್ಲವೋ ಹೇಳೋರು ವೈದ್ಯರು. ಅವರು ಸೂಚಿಸಿದರೆ ದವಡೆ ಸಾಧನ ಅಳತೆಗೆ ಕೂರಿಸೋರು ಡೆಂಟಿಸ್ಟ್. ತಪ್ಪಾಗಿ ಕೂರಿಸಿದ್ರೆ ದವಡೆ ಕೀಲು ನೋಯುತ್ತೆ, ಹಲ್ಲು ಸರಿಯುತ್ತೆ. ಅದಕ್ಕೇ ತರಬೇತಿ.

5/6
ಈಗ ನಮ್ಮ ಕಡೆ ನೋಡ್ರಿ. ಬಳ್ಳಾರಿಯಲ್ಲೇ ಸರ್ಕಾರಿ ದಂತ ಕಾಲೇಜು ಇದೆ, ಮೆಡಿಕಲ್ ಕಾಲೇಜೂ ಇದೆ. ದವಡೆ ಹಿಂದಿರೋ ಮಕ್ಕಳಿಗೆ ಅದನ್ನು ಮುಂದೆ ತರೋ ಸಾಧನ ಹಾಕೋದು ಆರ್ಥೊಡಾಂಟಿಕ್ಸ್‌ನಲ್ಲಿ ಹಳೇ ವಿದ್ಯೆ. ಆದ್ರೆ ನಮ್ಮ ದೇಶದ ಎಂಡಿಎಸ್‌ನ 9 ವಿಭಾಗಗಳಲ್ಲಿ ನಿದ್ದೆಯ ಹೆಸರಲ್ಲಿ ಒಂದೂ ಇಲ್ಲ. ಕೈಯಲ್ಲಿ ವಿದ್ಯೆ ಇದೆ. ‘ರಾತ್ರಿ ನಿದ್ದೆ ಹೆಂಗೈತಿ?’ ಅಂತ ಕೇಳೋ ಅಭ್ಯಾಸ ಬೆಳೀಬೇಕು. ರೋಗಿಗಳಿಗೆಲ್ಲ ಇದನ್ನು ಕೇಳಿ ಅಂತ ಅಮೆರಿಕದ ಡೆಂಟಲ್ ಸಂಘ ಅಧಿಕೃತವಾಗಿ ಹೇಳಿದ್ದೂ 2017ರಲ್ಲೇ.

6/6
ಭತ್ತದ ಲೋಡ್ ಹಾಕ್ಕೊಂಡು ರಾತ್ರಿಯೆಲ್ಲ ಲಾರಿ ಓಡಿಸೋ ಅಣ್ಣನಿಗೆ ಸ್ಟಿಯರಿಂಗ್ ಮುಂದೆ ತೂಕಡಿಕೆ ಬಂದ್ರೆ ಅದು ಸೋಮಾರಿತನ ಅಲ್ಲ. ಹಲ್ಲು ನೋವಂತ ಅವನು ಡೆಂಟಿಸ್ಟ್ ಕುರ್ಚಿಯಲ್ಲಿ ಬಾಯಿ ತೆರೆದಾಗ ಆ ಒಂದು ಪ್ರಶ್ನೆ ಬಂದ್ರೆ ಜೀವ ಉಳೀಬಹುದು.

ಆ ಗೊರಕೆ ವಿಡಿಯೋ ಇನ್ನೂ ಫೋನಲ್ಲಿದ್ರೆ ಮತ್ತೊಮ್ಮೆ ಕೇಳ್ರಿ. ಸದ್ದನ್ನಲ್ಲ, ನಡುವಿನ ಮೌನವನ್ನು. ಹತ್ತು ಎಣಿಸಿದ್ರೂ ಉಸಿರು ಬರದಿದ್ರೆ ಗ್ರೂಪಿಗೆ ಹಾಕಬ್ಯಾಡ್ರಿ, ಡಾಕ್ಟ್ರಿಗೆ ತೋರಿಸ್ರಿ.

#ಸಿರುಗುಪ್ಪ #ಬಳ್ಳಾರಿ #ಗೊರಕೆ #ಇತಿಹಾಸ