ರಾಜನ ಕುಳ್ಳಾಯಿ, ಕೂಸಿನ ಕುಲಾವಿ

ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದರು ಎಂಬ ಗಾದೆಯನ್ನು ಕನ್ನಡದ ಎಲ್ಲ ಸೀಮೆಗಳಲ್ಲೂ ಇಂದಿಗೂ ಆಡುತ್ತಾರಾದರೂ, ಅದರಲ್ಲಿ ಬರುವ ಕುಲಾವಿಯನ್ನು ಕಣ್ಣಾರೆ ಕಂಡವರು, ಅದನ್ನು ತೊಟ್ಟು ಬೆಳೆದವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಕುಲಾವಿ ಅಥವಾ ಕುಲಾಯಿ ಎಂದರೆ ಹಸುಗೂಸಿನ ತಲೆಗೂ ಕಿವಿಗೂ ಗಾಳಿ ತಾಗದಂತೆ ಹೊಲಿದು, ಗದ್ದದ ಕೆಳಗೆ ಕಸೆ ಕಟ್ಟಿ ನಿಲ್ಲಿಸುವ ಬಟ್ಟೆಯ ಟೊಪ್ಪಿಗೆ. ಅಂಗೈಯಗಲದ ಈ ಉಡುಪಿನ ಪೂರ್ವಕಥೆಯನ್ನು ಹುಡುಕುತ್ತ ಹೋದರೆ ಅದು ತೊಟ್ಟಿಲ ಬಳಿ ನಿಲ್ಲದೆ ವಿಜಯನಗರದ ಅರಮನೆಯವರೆಗೂ ಹೋಗುತ್ತದೆ. ಕನ್ನಡನಾಡಿನಲ್ಲಿ ಮಕ್ಕಳನ್ನು ಚಳಿಗೆ ಉಡಿಸಿದ ಬಗೆಯನ್ನು ಗಮನಿಸಿದವರಿಗೆ, ದೊಡ್ಡವರು ಕೈಬಿಟ್ಟ ಉಡುಪು ಮತ್ತು ದೊಡ್ಡವರು ಉಟ್ಟು ಸವೆಸಿದ ಬಟ್ಟೆ, ಇವೆರಡೂ ಕೊನೆಗೆ ಮಕ್ಕಳ ಮೈಮೇಲೆ ಉಳಿದುಬಂದಿರುವುದು ಕಾಣುತ್ತದೆ.

ಕುಲಾವಿ ಎಂಬ ಮಾತಿನ ಮೂಲ ಪಾರಸಿಯ ‘ಕುಲಾಹ್’, ಅಂದರೆ ಟೊಪ್ಪಿಗೆ. ಇದೇ ಮಾತು ವಿಜಯನಗರದ ಕಾಲದಲ್ಲಿ ‘ಕುಳ್ಳಾಯಿ’ ಎಂಬ ರೂಪದಲ್ಲಿ ಬಳಕೆಯಲ್ಲಿತ್ತು. ಆಗ ಅದು ಆಸ್ಥಾನಕ್ಕೆ ಹೋಗುವ ಗಂಡಸರು ಧರಿಸುತ್ತಿದ್ದ, ಮೇಲಕ್ಕೆ ನೀಳವಾಗಿ ಏರಿದ ಬಟ್ಟೆಯ ಟೊಪ್ಪಿಗೆಯ ಹೆಸರಾಗಿತ್ತು, ಅದರ ಜೊತೆಗೆ ತೊಡುತ್ತಿದ್ದ ನಿಲುವಂಗಿಯನ್ನು ‘ಕಬಾಯಿ’ ಎಂದು ಕರೆಯುತ್ತಿದ್ದರು. ತಿರುಮಲೆಯ ದೇವಾಲಯದಲ್ಲಿ ಇಬ್ಬರು ರಾಣಿಯರೊಡನೆ ಕೈಮುಗಿದು ನಿಂತಿರುವ ಕೃಷ್ಣದೇವರಾಯನ ಲೋಹವಿಗ್ರಹದ ತಲೆಯ ಮೇಲಿರುವುದು ಈ ಕುಳ್ಳಾಯಿಯೇ. 16ನೆಯ ಶತಮಾನದ ಲೇಪಾಕ್ಷಿಯ ಭಿತ್ತಿಚಿತ್ರಗಳಲ್ಲಿ ಸಾಲಾಗಿ ನಿಂತ ಅಧಿಕಾರಿಗಳ ತಲೆಯ ಮೇಲೂ ಅದೇ ಇದೆ. ಪ್ರೌಢದೇವರಾಯನ ಆಸ್ಥಾನಕ್ಕೆ ಬಂದ ತೆಲುಗು ಕವಿ ಶ್ರೀನಾಥನು ತಾನು ಕುಳ್ಳಾಯಿ ಇಟ್ಟುಕೊಳ್ಳಬೇಕಾಗಿ ಬಂದುದನ್ನು ಹೇಳಿಕೊಳ್ಳುವ ಚಾಟುಪದ್ಯವೊಂದು ಅವನ ಹೆಸರಿನಲ್ಲಿ ಪ್ರಸಿದ್ಧವಾಗಿರುವುದನ್ನು ನೋಡಿದರೆ, ಈ ಟೊಪ್ಪಿಗೆ ಬರಿಯ ಅಲಂಕಾರವಾಗಿರದೆ ಆಸ್ಥಾನದ ಶಿಷ್ಟಾಚಾರವೇ ಆಗಿತ್ತೆಂದು ತೋರುತ್ತದೆ. ಮುಂದಿನ ಶತಮಾನಗಳಲ್ಲಿ ಪೇಟ ಮತ್ತು ರುಮಾಲುಗಳು ಗಂಡಸರ ತಲೆಯನ್ನು ಆಕ್ರಮಿಸಿದವು. ರುಮಾಲನ್ನು ಕೂಸಿನ ತಲೆಗೆ ಸುತ್ತಲಾಗದು, ಸುತ್ತಿದರೂ ಅದು ನಿಲ್ಲದು. ಆದ್ದರಿಂದ ದೊಡ್ಡವರ ಉಡುಪಿನಿಂದ ಜಾರಿಹೋದ ಟೊಪ್ಪಿಗೆಯೂ ಅದರ ಹೆಸರೂ ತೊಟ್ಟಿಲಿನಲ್ಲಿ ಆಶ್ರಯ ಪಡೆದವೆಂದು ಭಾವಿಸುವುದು ಯುಕ್ತವಾಗಿದೆ.

ಕುಲಾವಿಯ ಹಿರಿಯಕ್ಕನೆಂದು ಹೇಳಬಹುದಾದ ಉಡುಪು ಕುಂಚಿಗೆ. ಬಾಗಲಕೋಟೆ, ವಿಜಯಪುರ, ಧಾರವಾಡ, ಬೆಳಗಾವಿಯ ಕಡೆ ‘ಕುಂಚಿಗಿ’ ಎಂದೂ ಗಡಿಯಾಚೆಯ ಮರಾಠಿಯಲ್ಲಿ ‘ಕುಂಚಿ’ ಎಂದೂ ಕರೆಯುವ ಇದು, ಮುಂದೆ ಹಣೆಯನ್ನೂ ಎರಡೂ ಪಕ್ಕದಲ್ಲಿ ಕಿವಿಗಳನ್ನೂ ಮುಚ್ಚಿ, ಹಿಂದೆ ಕತ್ತಿನಿಂದ ಬೆನ್ನಿನವರೆಗೆ ನೆರಿಗೆ ಬಿಟ್ಟು ಇಳಿಯುವ, ಟೊಪ್ಪಿಗೆಯೂ ಹೊದಿಕೆಯೂ ಒಂದೇ ಆಗಿರುವ ಹೊಲಿಗೆ. ಇದಕ್ಕೆ ಹೆಚ್ಚಾಗಿ ಬಳಸುತ್ತಿದ್ದ ಬಟ್ಟೆ ಗುಳೇದಗುಡ್ಡದ ಖಣ, ಅಂದರೆ ಹೆಂಗಸರ ಕುಪ್ಪಸಕ್ಕೆಂದೇ ಎರಡೂ ಬದಿಗೆ ಅಂಚು ಕೊಟ್ಟು, ನಡುವೆ ಆನೆಹೆಜ್ಜೆ, ತೇರು ಮೊದಲಾದ ಸಣ್ಣ ಬುಟ್ಟಾಗಳನ್ನು ಹಾಕಿ ನೇಯುವ ವಸ್ತ್ರ. ಒಳಗೆ ಒಗೆದು ಮೆತ್ತಗಾದ ಹತ್ತಿಯ ಅಸ್ತರು, ಹೊರಗೆ ಗರಿಗರಿಯಾದ ಖಣ, ಅಂಚಿಗೆ ಜರಿಯ ಪಟ್ಟಿ, ನೆತ್ತಿಯ ತುದಿಯಲ್ಲಿ ಒಂದು ಗೊಂಡೆ, ಗದ್ದದ ಕೆಳಗೆ ಕಟ್ಟಲು ಎರಡು ಕಸೆ: ಇಷ್ಟು ಸೇರಿದರೆ ಕುಂಚಿಗೆ. ಚೊಚ್ಚಲ ಬಾಣಂತನ ಮುಗಿಸಿ ಮಗಳನ್ನು ಅತ್ತೆಯ ಮನೆಗೆ ಕಳಿಸುವಾಗ ತವರಿನವರು ತೊಟ್ಟಿಲಿನೊಡನೆ ಕುಂಚಿಗೆ, ಕುಲಾವಿಗಳನ್ನೂ ಕೊಡುವ ವಾಡಿಕೆಯಿದ್ದುದರಿಂದ, ಕೂಸಿನ ತಲೆಯ ಮೇಲಿನ ಖಣವನ್ನು ನೋಡಿಯೇ ತವರಿನ ಅಂತಸ್ತನ್ನೂ ಅಜ್ಜಿಯ ಕೈಹೊಲಿಗೆಯ ಅಚ್ಚುಕಟ್ಟನ್ನೂ ಓಣಿಯವರು ಅಳೆಯುತ್ತಿದ್ದರು.

ಮೈಗಿಂತ ತಲೆಗೇ ಇಷ್ಟು ಕಾಳಜಿ ಏಕೆ ಎಂಬ ಪ್ರಶ್ನೆಗೆ ಉತ್ತರ ನಾಡಿನ ಹವೆಯಲ್ಲಿದೆ. ಇಲ್ಲಿನ ಚಳಿ ಹಿಮದ ಚಳಿಯಲ್ಲ. ಬೆಂಗಳೂರಿನ ದಾಖಲೆಗಳಲ್ಲೇ ಅತ್ಯಂತ ಕಡಿಮೆ ಉಷ್ಣಾಂಶ ಕಂಡದ್ದು 1884ರ ಜನವರಿ 13ರಂದು, ಅದೂ 7.8 ಡಿಗ್ರಿ ಸೆಲ್ಸಿಯಸ್. ಬಯಲುಸೀಮೆಯಲ್ಲಿ ಮಾಗಿಯ ಬೆಳಗು ಎಷ್ಟು ಕೊರೆದರೂ ಹೊತ್ತೇರಿದಂತೆ ಬಿಸಿಲು ಚುರುಗುಟ್ಟುತ್ತದೆ. ಶಿವರಾತ್ರಿಗೆ ಚಳಿ ‘ಶಿವಶಿವ’ ಎಂದು ಹೊರಟುಹೋಗುತ್ತದೆಂಬ ನಂಬಿಕೆ ಇಂದಿಗೂ ಇದೆ. ಇಂಥ ಹವೆಗೆ ಇಡೀ ಮೈಯನ್ನು ದಿನವಿಡೀ ಬಿಗಿದಿಡುವ ಉಡುಪು ಬೇಡ, ನಸುಕಿನ ಗಾಳಿಗೆ ಹಾಕಿ ಬಿಸಿಲೇರಿದ ಕೂಡಲೇ ತೆಗೆದಿಡುವಂಥದ್ದು ಸಾಕು. ಚಳಿ ಕಿವಿಯಿಂದ ಒಳಗೆ ಹೋಗುತ್ತದೆಂಬ ತಿಳಿವಳಿಕೆಯೂ ಇದಕ್ಕೆ ಜೊತೆಯಾಯಿತು. ಎಣ್ಣೆನೀರು ಹಾಕಿ, ಸಾಂಬ್ರಾಣಿಯ ಹೊಗೆ ಕೊಟ್ಟು, ನೆತ್ತಿ ಆರಿದ ಮೇಲೆ ಕುಲಾವಿ ಕಟ್ಟುವುದು ಬಾಣಂತಿಕೋಣೆಯ ದಿನನಿತ್ಯದ ಕ್ರಮವಾಗಿತ್ತು.

ಮೈಗೆ ಬೇಕಾದ ಬೆಚ್ಚನೆಯನ್ನು ಕೌದಿ ಕೊಡುತ್ತಿತ್ತು. ಹಳೆಯ ಸೀರೆ, ಧೋತರಗಳನ್ನು ಪದರಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನಿಟ್ಟು, ಒತ್ತೊತ್ತಾಗಿ ಸಾಲುಹೊಲಿಗೆ ಹಾಕಿದ ಹೊದಿಕೆಯೇ ಕೌದಿ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನಲ್ಲಿರುವ ಸಿದ್ದಿ ಹೆಂಗಸರು ಇದನ್ನು ‘ಕವಂದ್’ ಎನ್ನುತ್ತಾರೆ, ಮತ್ತು ನಾಲ್ಕು ಮೂಲೆಗಳಿಗೂ ಬಟ್ಟೆಯನ್ನು ಮುಕ್ಕೋನವಾಗಿ ಮಡಚಿದ ‘ಫುಲಾ’ ಎಂಬ ಹೂವನ್ನು ಹೊಲಿಯದೆ ಅದು ಪೂರ್ತಿಯಾಯಿತೆಂದು ಒಪ್ಪುವುದಿಲ್ಲ. ಹುಟ್ಟಿದ ಕೂಸಿಗೆ ಮೊದಲು ಹಳೆಯ ಬಟ್ಟೆಯನ್ನೇ ಸುತ್ತಬೇಕು, ಹೆರಿಗೆಗೆ ಮುಂಚೆ ಹೊಸದನ್ನು ಸಿದ್ಧಮಾಡಿಡಬಾರದು ಎಂಬ ಕಟ್ಟಳೆ ಅನೇಕ ಮನೆತನಗಳಲ್ಲಿದೆ. ಕುಲಾವಿಯ ಗಾದೆಯಲ್ಲಿರುವ ಗದರಿಕೆಗೆ ಬೆನ್ನೆಲುಬು ಈ ಕಟ್ಟಳೆಯೇ ಇರಬಹುದು. ಹಲವು ಸಲ ಒಗೆದ ಹತ್ತಿಬಟ್ಟೆ ಎಳೆಯ ಚರ್ಮಕ್ಕೆ ಹೊಸ ಬಟ್ಟೆಗಿಂತ ಹಿತವೆಂಬ ಅನುಭವವನ್ನು ಹಿರಿಯರು ಆಚಾರದ ಭಾಷೆಯಲ್ಲಿ ಹೇಳಿದಂತಿದೆ.

ನಡೆಯಲು ಕಲಿತ ಮಗು ಕಂಬಳಿಯ ಲೋಕವನ್ನು ಪ್ರವೇಶಿಸುತ್ತಿತ್ತು. ದಖನಿ ಕುರಿಯ ಕಪ್ಪು ಉಣ್ಣೆಯಿಂದ ಕುರುಬರು ನೇಯುತ್ತ ಬಂದಿರುವ ಕಂಬಳಿಗೆ ಬಣ್ಣ ಹಾಕುವ ಪದ್ಧತಿಯಿಲ್ಲ. ಕುರಿಯ ಮೈಬಣ್ಣವೇ ಅದರ ಬಣ್ಣ. ಗಂಡಸರು ಕತ್ತರಿಸಿ ತಂದ ಉಣ್ಣೆಯನ್ನು ಹಿಂಜಿ, ಹೆಂಗಸರು ರಾಟೆಯಲ್ಲಿ ನೂತ ಮೇಲೆ, ಉದ್ದನೆಯ ಎಳೆಗಳಾದ ಹಾಸನ್ನು ಬಯಲಿನಲ್ಲಿ ಬಿಗಿದು ಕಟ್ಟಿ, ಹುಣಸೆಬೀಜವನ್ನು ಅರೆದು ಬೇಯಿಸಿದ ಅಂಟುಗಂಜಿಯನ್ನು ಕುಂಚದಿಂದ ಬಳಿದು ಒಣಗಿಸುತ್ತಾರೆ. ಅನಂತರ ನೇಕಾರ ನೆಲದಲ್ಲಿ ತೋಡಿದ ಕುಣಿಯಲ್ಲಿ ಕಾಲಿಳಿಬಿಟ್ಟು ಕುಳಿತು ನೇಯುತ್ತಾನೆ. ಗಂಜಿ ಕುಡಿದ ಒರಟು ನೂಲು ಒಂದಕ್ಕೊಂದು ಕಚ್ಚಿಕೊಂಡು ಬಟ್ಟೆ ದಡಸಾಗುವುದರಿಂದ ಚಳಿಯ ಜೊತೆಗೆ ಮಳೆಯನ್ನೂ ಅದು ಬಹುಮಟ್ಟಿಗೆ ತಡೆಯುತ್ತದೆ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ರಾಣೆಬೆನ್ನೂರು ತಾಲ್ಲೂಕಿನ ಮೇಡ್ಲೇರಿ ಈ ಕಸುಬಿಗೆ ಹೆಸರಾದ ಊರುಗಳು. ಉಣ್ಣೆಯೊಡನೆ ಕುರುಬರ ನಂಟು ಎಷ್ಟು ಹಳೆಯದೆಂದರೆ, ಮದುವೆಯಲ್ಲಿ ಕಟ್ಟುವ ಕಂಕಣದ ನೂಲು ಹತ್ತಿಯದೋ ಉಣ್ಣೆಯದೋ ಎಂಬುದರ ಮೇಲೆಯೇ ಹತ್ತಿಕಂಕಣ, ಉಣ್ಣೆಕಂಕಣ ಎಂಬ ಎರಡು ಪಂಗಡಗಳು ಗುರುತಿಸಿಕೊಂಡಿವೆ. ಮೈಲಾರಲಿಂಗನ ಗೊರವಯ್ಯ ತೊಡುವ ನಿಲುವಂಗಿಯೂ ಕರಿಕಂಬಳಿಯದೇ.

ಕಂಬಳಿಗೆ ಕತ್ತರಿಯನ್ನೂ ಸೂಜಿಯನ್ನೂ ಮುಟ್ಟಿಸದೆ ಅದನ್ನು ಉಡುಪಾಗಿಸುವ ಉಪಾಯಕ್ಕೆ ‘ಕಂಬಳಿಕೊಪ್ಪೆ’ ಎಂದು ಹೆಸರು. ಕಂಬಳಿಯ ಒಂದು ತುದಿಯನ್ನು ಮುಡುಪಿನಂತೆ ಮಡಚಿ ತಲೆಗೆ ಸಿಕ್ಕಿಸಿಕೊಂಡರೆ, ಉಳಿದದ್ದು ಬೆನ್ನ ಮೇಲೆ ಮೊಣಕಾಲವರೆಗೆ ಇಳಿಯುತ್ತದೆ, ಎರಡೂ ಕೈ ಕೆಲಸಕ್ಕೆ ಬಿಡುವಾಗಿರುತ್ತವೆ. ಮಲೆನಾಡಿನ ಆಷಾಢದ ಮಳೆಯಲ್ಲಿ ಗದ್ದೆಗೆ ಇಳಿಯುವ ಗಂಡಾಳುಗಳು ಹಾಕುತ್ತಿದ್ದ ಈ ಕೊಪ್ಪೆಯನ್ನೇ ಚಿಕ್ಕದಾಗಿ ಮಡಚಿ ದನ ಕಾಯುವ ಹುಡುಗರಿಗೂ ಶಾಲೆಗೆ ಹೋಗುವವರಿಗೂ ಹಾಕಿಕೊಡುತ್ತಿದ್ದರು. ನೆನೆದ ಕಂಬಳಿಯ ಭಾರ, ಕತ್ತಿಗೆ ಚುಚ್ಚುವ ಕೂದಲು, ಒಲೆಯ ಮೇಲಿನ ಅಟ್ಟದಲ್ಲಿ ಒಣಗುವಾಗ ಹೊಗೆಯೊಡನೆ ಬೆರೆತ ಕುರಿವಾಸನೆ, ಇವು ಆ ತಲೆಮಾರಿನ ಬಾಲ್ಯದ ನೆನಪಿನಲ್ಲಿ ಹಸಿಯಾಗಿಯೇ ಉಳಿದಿವೆ. ಆಕಾರವನ್ನು ಗಮನಿಸಿದರೆ ಕೊಪ್ಪೆಯೂ ಕುಂಚಿಗೆಯೂ ಒಂದೇ: ತಲೆಯಿಂದ ಹೊರಟು ಬೆನ್ನಿಗೆ ಇಳಿಯುವ ಒಂದೇ ಬಟ್ಟೆ.

19ನೆಯ ಶತಮಾನದ 80ರ ದಶಕದಲ್ಲಿ ಬೆಂಗಳೂರಿನಲ್ಲಿ ಉಣ್ಣೆಯ ಗಿರಣಿ ಆರಂಭವಾಗಿ, ಮುಂದೆ ಬಿನ್ನಿ ಮಿಲ್ ಎಂದು ಮನೆಮಾತಾಯಿತು. ಪೇಟೆಯ ಮನೆಗಳಿಗೆ ಗಿರಣಿಯ ರಗ್ಗು ಬಂತು. ‘ಉಲ್ಲನ್’ ದಾರದ ಉಂಡೆ ಮತ್ತು ಎರಡು ಕಡ್ಡಿಗಳೊಡನೆ ಹೆಣಿಗೆಯ ಕಲೆಯೂ ಬಂತು. ಅಜ್ಜಿಯ ಖಣದ ಕುಂಚಿಗೆಯ ಜಾಗದಲ್ಲಿ ಚಿಕ್ಕಮ್ಮ ಹೆಣೆದ ತಿಳಿಹಳದಿ ಸ್ವೆಟರ್, ಗೊಂಡೆಯ ಟೊಪ್ಪಿಗೆ, ಕಾಲುಚೀಲಗಳು ಕಾಣಿಸಿಕೊಂಡವು. 1960ರ ದಶಕದಲ್ಲಿ ಬೈಲುಕುಪ್ಪೆ ಮತ್ತು ಮುಂಡಗೋಡಗಳಲ್ಲಿ ನೆಲೆ ಪಡೆದ ಟಿಬೆಟಿಯನ್ನರು ಚಳಿಗಾಲದಲ್ಲಿ ಊರೂರಿನ ರಸ್ತೆಬದಿಯಲ್ಲಿ ಸ್ವೆಟರ್‌ಗಳನ್ನು ಹರಡಿ ಮಾರತೊಡಗಿದ ಮೇಲೆ ಬೆಚ್ಚನೆಯ ಉಡುಪು ಬಡವರ ಮಕ್ಕಳಿಗೂ ಎಟುಕಿತು. ಈ ಉಪಕಾರವನ್ನು ಮರೆಯಬಾರದು. ಆದರೆ ಚುಚ್ಚದ, ಹಗುರವಾದ, ಬಣ್ಣಬಣ್ಣದ ಉಡುಪಿಗೆ ಒಗ್ಗಿದ ಮೈ ಕರಿಕಂಬಳಿಯನ್ನು ಒಪ್ಪಲಿಲ್ಲ. ಮಾಂಸಕ್ಕಾಗಿ ಸಾಕುವುದು ಲಾಭದಾಯಕವಾದಂತೆ ಉಣ್ಣೆಯಿಲ್ಲದ ಯಳಗದಂಥ ಕುರಿತಳಿಗಳು ದಖನಿ ಕುರಿಯ ಜಾಗವನ್ನು ಹಿಡಿಯುತ್ತಿರುವುದರಿಂದ, ಕಂಬಳಿಯ ನಷ್ಟ ಮಗ್ಗಕ್ಕೆ ಮುಂಚೆ ಹಟ್ಟಿಯಲ್ಲೇ ಶುರುವಾಗುತ್ತಿದೆ.

ರಾಜರ ಉಡುಪಿಗೆ ಲೋಹದ ವಿಗ್ರಹ, ಭಿತ್ತಿಚಿತ್ರಗಳ ಸಾಕ್ಷ್ಯವಿದೆ. ಕೂಸಿನ ಉಡುಪಿಗೆ ಇರುವ ಸಾಕ್ಷ್ಯ ಮನೆಯ ಟ್ರಂಕು ಮಾತ್ರ. ಅದರ ತಳದಲ್ಲಿ ಮಡಚಿಟ್ಟ ಕುಂಚಿಗೆಯೋ ಕುಲಾವಿಯೋ ಸಿಕ್ಕರೆ ಅದನ್ನು ಹಳೆಯ ಚಿಂದಿಯೆಂದು ಎಸೆಯದೆ, ಹೊಲಿದವರ ಹೆಸರು, ಊರು, ತೊಟ್ಟ ಮಗುವಿನ ಹೆಸರು ಮತ್ತು ವರ್ಷವನ್ನು ಒಂದು ಚೀಟಿಯಲ್ಲಿ ಬರೆದು ಅದರೊಳಗೇ ಇಡಬೇಕು.